‘ನಂಗೆ ಡಿಸೈನ್ ಬರಲ್ಲ ಮೇಡಂ’: ತಾರೀಕು ಕಾಣದ ಒಂದು ಆಹ್ವಾನ ಪತ್ರಿಕೆ

ಈ ಪ್ರಕರಣ ಬರೆಯಲು ಆ ಹುಡುಗಿಯ ಒಪ್ಪಿಗೆ ತಗೊಂಡಿದ್ದೇನೆ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವಳು ಸುಮ.

ಸುಮಳಿಗೆ 19 ವರ್ಷ. ಗುಬ್ಬಿ ಕಡೆಯ ಹಳ್ಳಿ. ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಾಳೆ, ಮಧ್ಯಾಹ್ನದ ಮೇಲೆ ಒಂದು ಖಾಸಗಿ ಸಂಸ್ಥೆಯಲ್ಲಿ ಆರು ತಿಂಗಳ ಗ್ರಾಫಿಕ್ ಡಿಸೈನ್ ಕೋರ್ಸು. ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕರ್ಕೊಂಡು ಬಂದವರು ಅವಳ ಅಮ್ಮ. ತಲೆನೋವು, ನಿದ್ದೆ ಇಲ್ಲ, ಅದಕ್ಕಿಂತ ಹೆಚ್ಚಾಗಿ, “ಮೂರು ವಾರದಿಂದ ಲ್ಯಾಪ್‌ಟಾಪ್ ಮುಟ್ಟಿಲ್ಲ ಮೇಡಂ, ತೆಗಿಯಮ್ಮ ಅಂದ್ರೆ ಅಳ್ತಾಳೆ.”

ಆ ಲ್ಯಾಪ್‌ಟಾಪ್ ಅಮ್ಮ ಮಹಿಳಾ ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು. 48 ಸಾವಿರ ರೂಪಾಯಿ. ವಾರಕ್ಕೊಂದು ಕಂತು. ಕಂತು ಕಟ್ಟುವ ದಿನ ಸುಮ ರಾತ್ರಿ ಊಟ ಮಾಡುತ್ತಿರಲಿಲ್ಲ. ಇದು ಅಮ್ಮನಿಗೆ ಗೊತ್ತಿರಲಿಲ್ಲ. ಅಮ್ಮ ಹೊರಗೆ ಕೂತ ಮೇಲೆ ಸುಮಳೇ ನನಗೆ ಹೇಳಿದ್ದು.

ನಿದ್ದೆ, ಊಟ ಎರಡೂ ಕೆಟ್ಟಿರುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದಿದೆ. ಸಾಯಬೇಕು ಅಂತ ಅನಿಸಿದೆಯಾ ಅಂತ ನೇರವಾಗಿ ಕೇಳುತ್ತೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋ ಭಯ ಬೇಡ, ಹಾಗಾಗಲ್ಲ. ಅವಳು “ಇಲ್ಲ ಮೇಡಂ, ಆದ್ರೆ ಎಲ್ಲಾದ್ರೂ ಹೋಗ್ಬಿಡ್ಬೇಕು ಅನ್ಸುತ್ತೆ” ಅಂದಳು. ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ತಲೆನೋವಿಗೆ ಡಾಕ್ಟರ ಹತ್ತಿರ ಕಳಿಸಿ ಕಣ್ಣು, ರಕ್ತ ಪರೀಕ್ಷೆ ಮಾಡಿಸಲು ಹೇಳಿದೆ. ಎರಡೂ ಸರಿ ಇದ್ದವು.

ಆಮೇಲೆ ಕಥೆ ಹೊರಗೆ ಬಂತು. ಅವಳ ಚಿಕ್ಕಪ್ಪ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಕಾರ್ಡು ನಮ್ಮ ಸುಮಾನೇ ಮಾಡ್ಲಿ ಅಂದರು. ಅವಳ ಮೊದಲ ಕೆಲಸ. ನಾಲ್ಕು ರಾತ್ರಿ ಕೂತು ಮಾಡಿದಳು, 300 ಕಾರ್ಡು ಪ್ರಿಂಟ್ ಆಯ್ತು, ಹಂಚಿದ್ದೂ ಆಯ್ತು. ಆಮೇಲೆ ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿ ತಾರೀಕು ಯಾವುದು, ಮುಹೂರ್ತ ಎಷ್ಟು ಗಂಟೆಗೆ ಅಂತ ಕೇಳಲು ಶುರು ಮಾಡಿದರು. ಪೂಜೆಯ ದಿನ ಎಲ್ಲರೂ ಕೂತಿದ್ದಾಗ ಚಿಕ್ಕಪ್ಪ, “ಏನಮ್ಮ, ಬಣ್ಣ ಎಲ್ಲ ಹಾಕಿದ್ದೀಯ, ತಾರೀಕೇ ಕಾಣ್ಸಲ್ವಲ್ಲ” ಅಂದುಬಿಟ್ಟರು. ಅವರು ನಗುತ್ತಲೇ ಅಂದದ್ದು. ಇವಳಿಗೆ ನಗು ಬರಲಿಲ್ಲ.

ಅದಾದ ಎರಡೇ ದಿನಕ್ಕೆ ಸಂಸ್ಥೆಯ ಮೇಷ್ಟ್ರು ಅದೇ ಕಾರ್ಡಿನ ಫೋಟೋವನ್ನು ತರಗತಿಯ ವಾಟ್ಸ್ಆಪ್ ಗುಂಪಿಗೆ ಹಾಕಿ, ಕೆಳಗೆ “ಹೀಗೆ ಮಾಡಬಾರದು” ಅಂತ ಬರೆದರು. ಯಾಕೆ ಮಾಡಬಾರದು, ಏನು ತಪ್ಪು, ಒಂದು ಸಾಲೂ ಇಲ್ಲ. ಕಲಿಸುವವರಿಗೆ ನನ್ನ ಕೋರಿಕೆ ಇದೊಂದೇ, ತಪ್ಪಿಗೆ ಹೆಸರು ಕೊಡಿ. ಹೆಸರಿಲ್ಲದ ತಪ್ಪನ್ನು ಮಕ್ಕಳು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ಸುಮ ಹಾಕಿಕೊಂಡಿದ್ದಳು. “ನಂಗೆ ಡಿಸೈನ್ ಬರಲ್ಲ ಮೇಡಂ. ಅದೆಲ್ಲ ಹುಟ್ಟಿನಿಂದ ಬರ್ಬೇಕು. ಅಮ್ಮನ ದುಡ್ಡು ಹಾಳು ಮಾಡ್ದೆ.”

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. ಅವಳ ಅಳು ನೋಡಲಾಗದೆ, ಫೋನಿನಲ್ಲಿ ಕಾರ್ಡು ತೋರಿಸಿದಾಗ “ಚೆನ್ನಾಗೇ ಇದೆಯಲ್ಲ” ಅಂದೆ. ಅವಳು ಫೋನ್ ಒಳಗಿಟ್ಟು, “ಸುಳ್ಳು ಹೇಳ್ಬೇಡಿ ಮೇಡಂ” ಅಂದಳು. ಅವಳ ಮಾತೇ ಸರಿ. ಕಾರ್ಡು ಚೆನ್ನಾಗಿರಲಿಲ್ಲ. ನಾನು ಕ್ಷಮೆ ಕೇಳಿ, ಮುಂದಿನ ವಾರ ಪ್ರಿಂಟ್ ಆದ ಕಾರ್ಡನ್ನೇ ತರಲು ಹೇಳಿದೆ.

ನನಗೆ ಈ ಕೆಲಸ ಪೂರ್ತಿ ಹೊಸದಲ್ಲ. ನಮ್ಮಣ್ಣ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ವರ್ಷಗಟ್ಟಲೆ ಡಿಟಿಪಿ ಮಾಡಿದವನು. ಕಾಲೇಜಿನ ದಿನಗಳಲ್ಲಿ ಅವನ ಪಕ್ಕ ಕೂತು ಕರಡು ತಿದ್ದಿದ್ದೇನೆ. ಅವನು ಹೊಸಬರಿಗೆ ಹೇಳುತ್ತಿದ್ದ ಒಂದು ಉಪಾಯ ನೆನಪಿತ್ತು. ಎರಡನೇ ಭೇಟಿಯಲ್ಲಿ ಅದನ್ನೇ ಮಾಡಿಸಿದೆ.

ಕಾರ್ಡನ್ನು ಗೋಡೆಗೆ ಅಂಟಿಸಿದೆ. ಸುಮಳನ್ನು ಆರಡಿ ದೂರ ನಿಲ್ಲಿಸಿ, “ಕಣ್ಣು ಅರ್ಧ ಮುಚ್ಚು. ಏನು ಕಾಣುತ್ತೆ, ಅದನ್ನಷ್ಟೇ ಹೇಳು” ಅಂದೆ.

“ಗಣಪತಿ.”

“ಆಮೇಲೆ?”

“ಬಾರ್ಡರು. ಬಂಗಾರದ್ದು. ಆಮೇಲೆ ಚಿಕ್ಕಪ್ಪನ ಹೆಸರು.”

“ಆಮೇಲೆ?”

ತುಂಬ ಹೊತ್ತು ನೋಡಿದಳು. ಆಮೇಲೆ ತಾನೇ ಹತ್ತಿರ ಹೋಗಿ ಬೆರಳಿಟ್ಟಳು. ತಾರೀಕು ಅಲ್ಲಿತ್ತು. ಬಂಗಾರದ ಪಟ್ಟಿಯ ಮೇಲೆ ಹಳದಿ ಅಕ್ಷರ, ಹೆಸರಿನ ಕಾಲು ಭಾಗದ ಗಾತ್ರ, ಸುತ್ತ ಹೂವಿನ ಬಳ್ಳಿ. ಮುಹೂರ್ತದ ಸಮಯ ಇನ್ನೊಂದು ಮೂಲೆಯಲ್ಲಿ, ಬೇರೆ ಫಾಂಟಿನಲ್ಲಿ. ವಿಳಾಸ ಮತ್ತೆಲ್ಲೋ. ಒಟ್ಟು ಐದು ಫಾಂಟು. ಅವಳೇ ಎಣಿಸಿದಳು.

ಆ ಹೊತ್ತಿಗೆ ಅವಳ ಮುಖದಲ್ಲಿ ಅಳು ಇರಲಿಲ್ಲ. ಹುಡುಕುವವರ ಮುಖ ಇತ್ತು. ನಾನು ಒಂದು ಹಾಳೆ ಕೊಟ್ಟು, “ನಂಗೆ ಬರಲ್ಲ” ಅನ್ನೋದನ್ನು ಮೇಲೆ ಬರೆಸಿದೆ. ಕೆಳಗೆ, ಈಗ ಕಂಡದ್ದನ್ನು ಒಂದೊಂದಾಗಿ ಬರೆಯಲು ಹೇಳಿದೆ. ತಾರೀಕು ಚಿಕ್ಕದು. ಹಳದಿ ಮೇಲೆ ಹಳದಿ. ಸಮಯ, ತಾರೀಕು ದೂರ ದೂರ. ಫಾಂಟು ಐದು. ಪ್ರತಿಯೊಂದನ್ನೂ ತಿದ್ದಬಹುದಾ ಅಂತ ಕೇಳಿದೆ. ತಿದ್ದಬಹುದು ಅಂದಳು. ಮೇಲಿನ ಸಾಲನ್ನು? ಅದಕ್ಕೆ ಉತ್ತರ ಕೊಡಲಿಲ್ಲ, ಆದರೆ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ನಾನು ಸೈಕಾಲಜಿಯಲ್ಲಿ ಓದಿದ್ದೂ ಇಲ್ಲಿ ಉಪಯೋಗಕ್ಕೆ ಬಂತು. ಹತ್ತಿರ ಹತ್ತಿರ ಇರುವುದನ್ನು, ಒಂದೇ ಥರ ಇರುವುದನ್ನು ನಮ್ಮ ಕಣ್ಣು ತಾನಾಗೇ ಒಂದು ಗುಂಪು ಮಾಡಿ ನೋಡುತ್ತೆ. ಮ್ಯಾಕ್ಸ್ ವರ್ಥೈಮರ್ ಅನ್ನೋ ಮನೋವಿಜ್ಞಾನಿ 1923ರಲ್ಲೇ ಇದನ್ನು ಬರೀ ಚುಕ್ಕಿ, ಗೆರೆ ಇಟ್ಟು ತೋರಿಸಿದ್ದರು. ಡಿಸೈನ್ ತರಗತಿಯಲ್ಲಿ ಕಲಿಸುವ ‘ಹತ್ತಿರ ಇಡು’, ‘ಒಂದೇ ಥರ ಇಡು’ ಅನ್ನೋ ಪಾಠ ಅದೇ. ಅದು ಎಲ್ಲರ ಕಣ್ಣಿನ ಸ್ವಭಾವ. ಅದನ್ನು ತಿಳ್ಕೊಂಡು ಅಭ್ಯಾಸ ಮಾಡಬಹುದು.

ಸಾಲು ಹೊಂದಿಸೋದು ಅರ್ಥ ಆಗಲ್ಲ, ಗ್ರಿಡ್ (ಅಕ್ಷರ, ಚಿತ್ರ ಹೊಂದಿಸಲು ಮೊದಲೇ ಹಾಕಿಕೊಳ್ಳುವ ಅಡ್ಡ-ಉದ್ದ ಗೆರೆಗಳು) ಅಂದ್ರೆ ತಲೆ ಕೆಡುತ್ತೆ ಅಂದಳು. ಮನೆ ಮುಂದೆ ರಂಗೋಲಿ ಯಾರು ಹಾಕ್ತಾರೆ ಅಂತ ಕೇಳಿದೆ. ಇವಳೇ. ಹಬ್ಬಕ್ಕೆ 15 ಚುಕ್ಕಿಯಿಂದ ಶುರು ಮಾಡಿ 8ಕ್ಕೆ ಇಳಿಸುವ ರಂಗೋಲಿ ಹಾಕುತ್ತಾಳಂತೆ. “ಚುಕ್ಕಿ ಇಡದೇ ಎಳೆ ಎಳೀತೀಯಾ?” ಅಂದೆ. “ಹೆಂಗೆ ಮೇಡಂ, ಸೊಟ್ಟ ಆಗುತ್ತೆ” ಅಂದವಳು ಅಲ್ಲಿಗೇ ನಿಂತಳು. ಮತ್ತೆ ನಾನು ಏನೂ ವಿವರಿಸಬೇಕಾಗಲಿಲ್ಲ.

ನಾನು ಕೊಟ್ಟ ಸಲಹೆ ಇದು. ಮೊದಲ ವಾರ ಲ್ಯಾಪ್‌ಟಾಪ್ ಬೇಡವೇ ಬೇಡ. ಹೆದರಿಕೆ ಇರುವ ವಸ್ತುವಿನ ಹತ್ತಿರ ಹಂತ ಹಂತವಾಗಿ ಹೋಗಬೇಕು, ಒಂದೇ ಸಲ ತಳ್ಳಿದರೆ ಇನ್ನೂ ಹಿಂದೆ ಸರಿಯುತ್ತಾರೆ. ಹಾಗಾಗಿ ಅದೇ ಕಾರ್ಡಿನ ಮಾತುಗಳನ್ನು ಕೈಯಲ್ಲಿ ಬರೆದು, ಕತ್ತರಿಸಿ, ಬಿಳಿ ಹಾಳೆ ಮೇಲೆ ಜರುಗಿಸಿ ನೋಡಬೇಕು. ಯಾರು, ಏನು, ಯಾವಾಗ, ಎಲ್ಲಿ, ನಾಲ್ಕೇ ಗುಂಪು. ದಿನಕ್ಕೆ 20 ನಿಮಿಷ, ಅಷ್ಟೇ. ಎರಡನೇ ವಾರ ಲ್ಯಾಪ್‌ಟಾಪ್ ತೆಗೆದು ಒಂದೇ ಫಾಂಟು, ಎರಡೇ ಗಾತ್ರ, ಕಪ್ಪು ಬಣ್ಣ ಮಾತ್ರ. ಬಣ್ಣ, ನೆರಳು, ಹೂಬಳ್ಳಿ ಮೂರನೇ ವಾರದ ನಂತರ, ಅದೂ ಒಂದೊಂದೇ.

ಎರಡನೇ ವಾರದಲ್ಲಿ ಒಂದು ವಿಷಯ ಗೊತ್ತಾಯ್ತು, ನನಗೆ ಇಡೀ ಪ್ರಕರಣದಲ್ಲಿ ತುಂಬ ಮುಖ್ಯ ಅನಿಸಿದ್ದು ಇದೇ. ಆ ನಾಲ್ಕು ರಾತ್ರಿಗಳಲ್ಲಿ ಎರಡು ರಾತ್ರಿ ಹೋದದ್ದು ಒತ್ತಕ್ಷರದ ಹಿಂದೆ. ಫೋಟೋಶಾಪ್‌ನಲ್ಲಿ ‘ಲಕ್ಷ್ಮೀ’ ಅಂತ ಹಾಕಿದರೆ ಒತ್ತು ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುತ್ತಿತ್ತು. ಬೇರೆ ಯಾರಿಗೂ ಹೀಗಾಗಲ್ಲ, ನಾನೇ ದಡ್ಡಿ ಅಂದುಕೊಂಡಿದ್ದಳು. ಅವಳ ಮುಂದೆಯೇ ಅಣ್ಣನಿಗೆ ಫೋನ್ ಮಾಡಿದೆ. ಅವನು ಎರಡು ಮಾತಿನಲ್ಲಿ ಹೇಳಿದ. ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಅನ್ನೋ ಆಯ್ಕೆ ಹಾಕದಿದ್ದರೆ ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಕನ್ನಡ ಹಾಗೆ ಒಡೆಯುತ್ತೆ. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ, ಪರಿವರ್ತಕದಲ್ಲಿ ಹಾಕಿಯೇ ತರಬೇಕು. ಸಾಲಿನ ಅಂತರವನ್ನು ಸಾಫ್ಟ್‌ವೇರ್ ಅಕ್ಷರದ ಗಾತ್ರದ 120 ಪರ್ಸೆಂಟಿಗೆ ಇಟ್ಟಿರುತ್ತೆ, ಅದು ಇಂಗ್ಲಿಷಿಗೆ ಸಾಕು, ಕನ್ನಡದ ಒತ್ತು ಕೆಳಗೆ ಇಳಿದು ಮುಂದಿನ ಸಾಲಿಗೆ ತಾಗುತ್ತೆ, 140 ಅಥವಾ 150 ಮಾಡಮ್ಮ ಅಂದ. ಬ್ಯಾನರಿಗೆ ‘ಬಲೂ ತಮ್ಮ’ ಅನ್ನೋ ಫಾಂಟು, ಪುಟ್ಟ ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ತಗೋ, ಎರಡೂ ಪುಕ್ಕಟೆ ಅಂತಲೂ ಹೇಳಿದ. ಹಳದಿ ಮೇಲಿನ ಹಳದಿಗೂ ಒಂದು ಅಳತೆ ಕೊಟ್ಟ. ವೆಬ್ ಪುಟಗಳ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅಂತ ಇದೆ, ಕಾಗದಕ್ಕೂ ಅದನ್ನೇ ಇಟ್ಕೊ.

ಫೋನ್ ಇಟ್ಟ ಮೇಲೆ ಸುಮ, “ಹಂಗಾದ್ರೆ ಆ ಎರಡು ರಾತ್ರಿ ತಪ್ಪು ನಂದಲ್ವಾ ಮೇಡಂ?” ಅಂತ ಕೇಳಿದಳು. ಅಲ್ಲ ಅಂದೆ. ತಾರೀಕು ಚಿಕ್ಕದಾದದ್ದು ನಿನ್ನದು, ಒತ್ತು ಒಡೆದದ್ದು ನಿನ್ನದಲ್ಲ. ಎರಡನ್ನೂ ಒಂದೇ ಮೂಟೆ ಕಟ್ಟಿ ಹೊತ್ತಿದ್ದಳು ಈ ಹುಡುಗಿ.

ಇನ್ನೊಂದು ಸಲಹೆ, ಕೆಲಸ ತೋರಿಸುವ ರೀತಿಯ ಬಗ್ಗೆ. “ಹೇಗಿದೆ?” ಅಂತ ಕೇಳಬೇಡ ಅಂದೆ. ಹಾಗೆ ಕೇಳಿದರೆ ಜನ ಒಂದೋ ಹೊಗಳುತ್ತಾರೆ, ಇಲ್ಲ ನೋಯಿಸುತ್ತಾರೆ. ಹಾಳೆಯನ್ನು ಮೂರು ಸೆಕೆಂಡು ತೋರಿಸಿ ತಿರುಗಿಸಿಬಿಡು. ಆಮೇಲೆ “ಎಷ್ಟು ಗಂಟೆಗೆ ಬರ್ಬೇಕು?” ಅಂತ ಕೇಳು. ಗೊತ್ತಾದರೆ ಗೊತ್ತಾಯ್ತು, ಇಲ್ಲದಿದ್ದರೆ ಎಲ್ಲಿ ತಿದ್ದಬೇಕು ಅಂತ ನಿನಗೇ ಗೊತ್ತಾಗುತ್ತೆ. ಮೇಷ್ಟ್ರ ಹತ್ತಿರ ಹೇಳಬೇಕಾದ ಮಾತನ್ನೂ ಇಬ್ಬರೂ ಕೂತು ಅಭ್ಯಾಸ ಮಾಡಿದೆವು. “ಸರ್, ನನ್ನ ಕೆಲಸ ಗುಂಪಿಗೆ ಹಾಕೋ ಮುಂಚೆ ನನಗೆ ಹೇಳಿ. ತಪ್ಪು ಯಾವುದು ಅಂತ ತೋರಿಸಿದ್ರೆ ತಿದ್ದಿ ತರ್ತೀನಿ.” ನಾಲ್ಕು ಸಲ ಹೇಳಿಸಿದೆ. ಮೊದಲ ಸಲ ಧ್ವನಿಯೇ ಹೊರಡಲಿಲ್ಲ.

ಅಮ್ಮನ ಜೊತೆಗೂ ಅರ್ಧ ಗಂಟೆ ಮಾತಾಡಿದೆ. ಕಂತಿನ ವಿಷಯ ಮಗಳಿಂದ ಮುಚ್ಚಿಡಬೇಡಿ, ಆದರೆ ದುಡ್ಡು ಯಾವಾಗ ಬರುತ್ತೆ ಅಂತ ದಿನಾ ಕೇಳಬೇಡಿ ಅಂದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಸುಮ್ನೆ ಕೇಳ್ತಿದ್ದೆ ಮೇಡಂ, ಅವಳಿಗೆ ಹಂಗೆ ಕೇಳ್ಸುತ್ತೆ ಅಂತ ಗೊತ್ತಿರ್ಲಿಲ್ಲ” ಅಂದರು. ತಿಂಗಳಿಗೊಮ್ಮೆ ಮೂವರೂ ಕೂತು ಲೆಕ್ಕ ನೋಡುವುದು ಅಂತ ತೀರ್ಮಾನ ಆಯ್ತು. ಡಿಗ್ರಿ ಬಿಡಬೇಡ ಅಂತ ಸುಮಳಿಗೆ ಖಡಾಖಂಡಿತವಾಗಿ ಹೇಳಿದೆ. ಮೂರು ವರ್ಷದ ಡಿಗ್ರಿ ಇದ್ದರೆ ಐಐಟಿ ಬಾಂಬೆ ನಡೆಸುವ ಡಿಸೈನ್ ಸ್ನಾತಕೋತ್ತರದ ಸೀಡ್ (CEED) ಪ್ರವೇಶ ಪರೀಕ್ಷೆ ಬರೆಯಬಹುದು, ಅದನ್ನು ಬರೆಯಲು ಬಿ.ಕಾಂ. ಅಡ್ಡ ಬರಲ್ಲ; ಸೀಟಿಗೆ ಮಾತ್ರ ಒಂದೊಂದು ಸಂಸ್ಥೆಯ ಅರ್ಹತೆ ಬೇರೆ, ಅದನ್ನು ನೋಡಿಕೊಳ್ಳಬೇಕು.

ಐದನೇ ಭೇಟಿಗೆ ಒಂದು ಎ4 ಹಾಳೆ ತಂದಳು. ಊರಿನ ಹಾಲಿನ ಡೈರಿಯ ನೋಟಿಸು. ಬೆಳಿಗ್ಗೆ ಹಾಲು ತಗೊಳ್ಳುವ ಸಮಯ 6ರಿಂದ 6.30ಕ್ಕೆ ಬದಲಾಗಿತ್ತು. ಹಾಳೆಯ ಮೇಲೆ ‘ಬೆಳಿಗ್ಗೆ 6.30’ ದೊಡ್ಡದಾಗಿ, ಕೆಳಗೆ ಯಾವ ದಿನದಿಂದ ಅನ್ನೋದು, ಸುತ್ತ ಬಿಳಿ ಜಾಗ. ಒಂದೇ ಫಾಂಟು. ಬಲಗಡೆ ಅಂಚು ಸ್ವಲ್ಪ ಇಕ್ಕಟ್ಟಾಗಿತ್ತು, ಅದನ್ನು ಅವಳೇ ನನಗೆ ತೋರಿಸಿದಳು. ಊಟ ಈಗ ಸರಿಯಾಗಿ ಮಾಡುತ್ತಾಳೆ. ನಿದ್ದೆ ವಾರದಲ್ಲಿ ಒಂದೆರಡು ದಿನ ಇನ್ನೂ ಕೈ ಕೊಡುತ್ತೆ.

ಮೇಷ್ಟ್ರ ಜೊತೆ ಮಾತಾಡಿದ್ದಾಳೆ. ಅವರು ಕೇಳಿಸಿಕೊಂಡರು, ಸಾರಿ ಅನ್ನಲಿಲ್ಲ. ಗೃಹಪ್ರವೇಶದ ಕಾರ್ಡನ್ನು ಹೊಸದಾಗಿ ಮಾಡಿಟ್ಟಿದ್ದಾಳೆ, ಚಿಕ್ಕಪ್ಪನಿಗೆ ಇನ್ನೂ ತೋರಿಸಿಲ್ಲ. ಯಾವಾಗ ಅಂತ ನಾನೂ ಕೇಳಿಲ್ಲ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಬರುತ್ತಾಳೆ.