ಗಾಳಿ, ಮಳೆ, ಕರೆಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹತ್ತಿರ ಬಂತು. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕರಾವಳಿ, ಮಲೆನಾಡಿನವು, ಅದೂ ಕರೆಂಟಿನದ್ದೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ. ಬಿಲ್ಲಿನ ತಕರಾರು ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಸರ್, ಏಪ್ರಿಲ್‌ನಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟ್ ಹೋಯಿತು. ಜುಲೈಯಲ್ಲಿ ದಿನವಿಡೀ ಜಡಿಮಳೆ ಹೊಡೆದರೂ ಅಷ್ಟು ಹೋಗುವುದಿಲ್ಲ. ಆಫೀಸಿನವರೇ ಸುಮ್ನೆ ತೆಗೆಯುತ್ತಾರಾ?
— ಅಡಿಕೆ ಕೃಷಿಕರು, ಸುಳ್ಯ

ಉತ್ತರ: ಹೆಚ್ಚಿನ ಸಲ ಅದು ತಾನಾಗಿಯೇ ಹೋಗುವುದು ಮಾರಾಯ್ರೆ. ನಿಮ್ಮ ಮನೆ ಹತ್ತಿರದ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ ಲೈನಿನ ಕಂಬದ ತುದಿ ನೋಡಿ. ತಂತಿಯ ಅಡಿಗೆ ಕಂದು ಬಣ್ಣದ ಪಿಂಗಾಣಿ ಕಾಣುತ್ತದಲ್ಲ, ಅದು ಪಿನ್ ಇನ್ಸುಲೇಟರ್, ತಂತಿಯ ಕರೆಂಟ್ ಕಂಬಕ್ಕೆ ಇಳಿಯದಂತೆ ತಡೆಯುವಂಥದ್ದು. ಬೇಸಗೆ ಪೂರ್ತಿ ಅದರ ಮೇಲೆ ಧೂಳು ಕೂತಿರುತ್ತದೆ, ಸಮುದ್ರದ ಹತ್ತಿರವಾದರೆ ಉಪ್ಪು ಕೂಡ. ಒಣಗಿದ್ದಾಗ ಏನೂ ಆಗುವುದಿಲ್ಲ. ನಾಲ್ಕು ಹನಿ ಬಿದ್ದು ಒದ್ದೆಯಾದರೆ ಅದೇ ಧೂಳು ಕರೆಂಟಿಗೆ ದಾರಿ ಮಾಡಿಕೊಡುತ್ತದೆ, ಚಟಪಟ ಕಿಡಿ ಹಾರಿ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ಬರುವ ಲೈನ್, ತಾನಾಗಿ ಕಡಿದು ಟ್ರಿಪ್ ಆಗುತ್ತದೆ. ಜೋರು ಮಳೆ ಬಂದರೆ ಎಲ್ಲ ತೊಳೆದು ಹೋಗುತ್ತದೆ, ಜುಲೈಯಲ್ಲಿ ನೀವು ನೋಡುವುದು ಅದನ್ನೇ. ಜೊತೆಗೆ ಏಪ್ರಿಲ್-ಮೇ ಮಳೆ ಅಂದರೆ ಗಾಳಿ, ಸಿಡಿಲು ಎರಡೂ ಇರುವ ಮಳೆ. ಒಣಗಿ ನಿಂತ ಗೆಲ್ಲುಗಳೆಲ್ಲ ಆಗಲೇ ಮುರಿದು ಬೀಳುವುದು.

ಇನ್ನೊಂದು ಕಾರಣ ಕೂದಲೆಳೆಯಂಥ ಬಿರುಕು. ಬಿಸಿಲಿಗೆ ಕಾದ ಪಿಂಗಾಣಿಯ ಬಿರುಕಿಗೆ ನೀರಿಳಿದರೆ ಮುಗಿಯಿತು. ಕೆಳಗೆ ನಿಂತು ಎಷ್ಟು ಕತ್ತೆತ್ತಿ ನೋಡಿದರೂ ಅದು ಕಾಣಿಸುವುದಿಲ್ಲ. ಆಗ ಪವರ್‌ಮನ್ ಏನು ಮಾಡಬೇಕು? ಜಿಓಎಸ್, ಅಂದರೆ ಲೈನನ್ನು ನಡುವೆ ಬೇರೆ ಮಾಡಲು ಕಂಬದ ಮೇಲಿರುವ ಸ್ವಿಚ್ ತೆರೆದು ಅರ್ಧ ಲೈನ್ ಬೇರೆ ಮಾಡಿ, ಉಳಿದದ್ದನ್ನು ಚಾರ್ಜ್ ಮಾಡಿಸಿ ನೋಡಬೇಕು. ಟ್ರಿಪ್ ಆಗದಿದ್ದರೆ ದೋಷ ಬೇರೆ ಮಾಡಿದ ಕಡೆ ಇದೆ ಅಂತ ಲೆಕ್ಕ. ಮತ್ತೆ ಆ ಕಡೆಯದ್ದರಲ್ಲಿ ಅರ್ಧ, ಅದರಲ್ಲಿ ಅರ್ಧ, ಹೀಗೆ ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಜಿಗಣೆ ಕಚ್ಚಿಸಿಕೊಂಡು ಗುಡ್ಡ ಹತ್ತಿ ಇಳಿಯುವ ಕೆಲಸ. ಜಿಓಎಸ್ ಕಡಿಮೆ ಇದ್ದ ಲೈನಿನಲ್ಲಿ ಒಬ್ಬರ ತೋಟದ ಒಂದು ಇನ್ಸುಲೇಟರ್ ಹೋದರೆ ಹತ್ತು ಊರಿಗೆ ಕತ್ತಲೆ.

ಹಾಗಾಗಿ ಮಳೆಗಾಲದ ತಯಾರಿ ಅಂದರೆ ನನ್ನ ಪ್ರಕಾರ ಮೊದಲು ಇದೇ. ಜನವರಿ-ಫೆಬ್ರವರಿಯಲ್ಲೇ ಹಳೆಯ ಪಿಂಗಾಣಿ ತೆಗೆದು ಪಾಲಿಮರ್ ಇನ್ಸುಲೇಟರ್ ಹಾಕಬೇಕು, ಜಿಓಎಸ್ ಜಾಸ್ತಿ ಮಾಡಬೇಕು. ಉದ್ಘಾಟನೆ, ಫೋಟೋ ಯಾವುದೂ ಇಲ್ಲದ ಕೆಲಸ ನೋಡಿ, ಅದಕ್ಕೇ ಹಿಂದೆ ಬೀಳುತ್ತದೆ.

ಪ್ರಶ್ನೆ: ಫನಿ ಚಂಡಮಾರುತದಲ್ಲಿ ಒಡಿಶಾದ ಕಂಬಗಳೆಲ್ಲ ನೆಲಕ್ಕೆ ಬಿದ್ದವು ಅಂತ ಓದಿದ್ದೆ. ಅಂಥದ್ದು ನಮ್ಮ ಕರಾವಳಿಗೆ ಬಂದರೆ ನಮ್ಮ ಕಂಬಗಳು ನಿಲ್ಲುತ್ತವಾ ಸರ್? ಎಲ್ಲ ಲೈನನ್ನೂ ನೆಲದಡಿಗೆ ಹಾಕಿದರೆ ಆಗುವುದಿಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಾರವಾರ

ಉತ್ತರ: ನಿಲ್ಲುವುದಿಲ್ಲ ತಂಗಿ, ಎಲ್ಲವಂತೂ ಖಂಡಿತ ನಿಲ್ಲುವುದಿಲ್ಲ. ಫನಿ 2019ರ ಮೇ 3ರಂದು ಪುರಿಯ ಹತ್ತಿರ ದಡ ಹತ್ತಿದಾಗ ಗಾಳಿ ಗಂಟೆಗೆ 175 ಕಿಲೋಮೀಟರ್ ಮೇಲೆ ಇತ್ತು. ಒಂದೂವರೆ ಲಕ್ಷದಷ್ಟು ಕಂಬಗಳಿಗೆ ಹಾನಿಯಾಯಿತು. ಕಂಬ ಬಿಡಿ, 220 ಕೆವಿ ಟವರುಗಳೇ ಮಡಚಿಕೊಂಡು ಬಿದ್ದವು. ಪುರಿಯಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ.

ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ನೀವು ಓದಿರುತ್ತೀರಿ. ಭಾರತೀಯ ಮಾನಕ ಸಂಸ್ಥೆಯ ಗಾಳಿ ನಕ್ಷೆಯಲ್ಲಿ, ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ವೇಗ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ಅಂತ ಇದೆ, ಭುವನೇಶ್ವರ, ವಿಶಾಖಪಟ್ಟಣಕ್ಕೆ 50. ಬಲದ ಲೆಕ್ಕ ಹಾಕಿದರೆ ಅಲ್ಲಿನ ಟವರು ನಮ್ಮದಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತಡೆದುಕೊಳ್ಳಬೇಕು. ಅಂಥ ಕಡೆಯಲ್ಲೇ ಹಾಗಾಯಿತು.

ಆದರೆ ಕಂಬ ಬೀಳುವುದು ಬರೀ ಗಾಳಿಗಲ್ಲ. ಮರ ತಂತಿಯ ಮೇಲೆ ಬೀಳುತ್ತದೆ, ತಂತಿ ಕಂಬವನ್ನು ಎಳೆಯುತ್ತದೆ, ಆ ಕಂಬ ಪಕ್ಕದ್ದನ್ನು ಎಳೆಯುತ್ತದೆ, ಸಾಲಿಗೆ ಸಾಲೇ ಮಲಗುತ್ತದೆ. ಗದ್ದೆಯಲ್ಲಿ ನೆಟ್ಟಿದ್ದಾದರೆ ಬುಡದ ಮಣ್ಣು ಮೆತ್ತಗಾಗಿ ಇನ್ನೂ ಬೇಗ. ಇದನ್ನು ತಡೆಯಲು ನಡುನಡುವೆ ಜೋಡಿ ಕಂಬದ ಡಿಪಿ ನಿಲ್ಲಿಸಿ ಗಟ್ಟಿಯಾಗಿ ಸ್ಟೇ, ಅಂದರೆ ನೆಲಕ್ಕೆ ಎಳೆದು ಕಟ್ಟುವ ತಂತಿ, ಹಾಕುತ್ತಾರೆ. ಸಾಲು ಬಿದ್ದರೂ ಅಲ್ಲಿಗೆ ನಿಲ್ಲಲಿ ಅಂತ. ಬುಡಕ್ಕೆ ಕಾಂಕ್ರೀಟ್, ಕಂಬಗಳ ನಡುವೆ ಕಡಿಮೆ ಅಂತರ, ಮರ ಇರುವಲ್ಲಿ ಹೊದಿಕೆ ಇರುವ ತಂತಿ, ಇವೆಲ್ಲ ಹೊಸ ವಿದ್ಯೆ ಏನಲ್ಲ. ಖರ್ಚು ಮಾಡುವ ಮನಸ್ಸು ಬೇಕು ಅಷ್ಟೇ.

ನೆಲದಡಿ ಕೇಬಲ್ ಒಳ್ಳೆಯದೇ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣವನ್ನು ಜಜ್ಜಿದ ಮೇಲೆ ಅಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆ ಕೆಲಸ ಶುರು ಮಾಡಿದರು. ಆದರೆ ಅದು ಪಟ್ಟಣಕ್ಕೆ ಸರಿ. ಖರ್ಚು ಹಲವು ಪಟ್ಟು ಜಾಸ್ತಿ, ಗುಡ್ಡ ಕುಸಿದರೆ ಕೇಬಲ್ ಕೂಡ ಮಣ್ಣಿನ ಜೊತೆ ಹೋಗುತ್ತದೆ, ಎಲ್ಲಿ ತುಂಡಾಗಿದೆ ಅಂತ ಹುಡುಕಿ ಅಗೆದು ಜೋಡಿಸಲು ಬೇರೆ ಯಂತ್ರ, ಬೇರೆ ತಂಡ ಬೇಕು. ಶಿರಾಡಿ, ಆಗುಂಬೆ ಕಡೆ ಒಂಟಿ ಮನೆಗಳಿಗೆಲ್ಲ ಹಾಕುತ್ತೇವೆ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಆಸ್ಪತ್ರೆ, ಕುಡಿಯುವ ನೀರಿನ ಪಂಪು, ಮೊಬೈಲ್ ಟವರ್, ಇವಕ್ಕೆ ಹೋಗುವ ಲೈನನ್ನು ಮೊದಲು ಭದ್ರ ಮಾಡಿ, ಎರಡು ಕಡೆಯಿಂದ ಸಪ್ಲೈ ಕೊಡಲಿ. ಒಂದು ಹೋದರೆ ಇನ್ನೊಂದು ಇರುತ್ತದೆ.

ಒಡಿಶಾದಿಂದ ಕಲಿಯಬೇಕಾದ್ದು ಕಂಬಕ್ಕಿಂತ ಸಿದ್ಧತೆಯನ್ನು. ಹವಾಮಾನ ಇಲಾಖೆಯ ಮುನ್ಸೂಚನೆ ಕೆಲವು ದಿನ ಮೊದಲೇ ಬರುತ್ತದೆ. ಗಾಳಿ ಬರುವ ಮೊದಲೇ ಒಡಿಶಾದವರು ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಹತ್ತಿರ ತಂದಿಟ್ಟು, ಬೇರೆ ಜಿಲ್ಲೆಗಳ ಲೈನ್‌ಮನ್ ತಂಡಗಳನ್ನು ಕರೆಸಿ, ನೀರಿನ ಪಂಪಿಗೆ ಜನರೇಟರ್ ಗೊತ್ತು ಮಾಡಿಟ್ಟಿರುತ್ತಾರೆ. ಬಿದ್ದ ಮೇಲೆ ಕಂಬಕ್ಕೆ ಟೆಂಡರ್ ಕರೆಯುವುದಿದೆಯಲ್ಲ, ಅದಕ್ಕಿಂತ ದೊಡ್ಡ ಚಂಡಮಾರುತ ಇಲ್ಲ. ನಮಗೂ ಪಾಠ ಆಗಿದೆ. 2021ರ ಮೇಯಲ್ಲಿ ತೌಕ್ತೆ ನಮ್ಮ ಕಡಲಲ್ಲಿ ದೂರದಿಂದ ಹಾದು ಹೋಗಿ ದಡ ಹತ್ತಿದ್ದು ಗುಜರಾತಿನಲ್ಲಿ, ಆದರೂ ಇಲ್ಲಿ ಎಷ್ಟು ಕಂಬ ಬಿದ್ದವು ಅಂತ ನಿಮ್ಮ ಊರಿನವರನ್ನೇ ಕೇಳಿ.

ಪ್ರಶ್ನೆ: ಗಾಳಿ ಬರುವ ಮೊದಲೇ ಕರೆಂಟ್ ತೆಗೆಯುವುದು ಯಾಕೆ? ಫೋನ್ ಚಾರ್ಜ್ ಮಾಡಿಕೊಳ್ಳಲೂ ಬಿಡುವುದಿಲ್ಲ.
— ಓದುಗರು, ಕುಂದಾಪುರ

ಉತ್ತರ: ಕರೆಂಟಿರುವ ತಂತಿ ನೀರಿಗೆ ಬಿದ್ದರೆ ಜನ ಸಾಯುತ್ತಾರೆ, ಅದಕ್ಕೆ. ದೊಡ್ಡ ಚಂಡಮಾರುತದಲ್ಲಿ ಇನ್ನೊಂದು ತೊಂದರೆಯೂ ಇದೆ. ಲೈನುಗಳು ಒಂದೊಂದಾಗಿ ಬಿದ್ದಾಗ ಕರೆಂಟ್ ಬಳಸುವವರೇ ಇಲ್ಲದಂತಾಗುತ್ತದೆ, ಆದರೆ ಉತ್ಪಾದನೆ ನಡೆಯುತ್ತಲೇ ಇರುತ್ತದೆ. ಆಗ 50 ಹರ್ಟ್ಜ್ ಇರಬೇಕಾದ ಫ್ರೀಕ್ವೆನ್ಸಿ ಏರಿ ಇಡೀ ಜಾಲವೇ ಕುಸಿಯಬಹುದು. ಉತ್ಪಾದನೆ, ಬಳಕೆ ಎರಡನ್ನೂ ಸರಿದೂಗಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಮೊದಲೇ ಲೆಕ್ಕ ಹಾಕಿ ಉತ್ಪಾದನೆ ಇಳಿಸುತ್ತಾ ಬರಬೇಕು. ಎಲ್ಲ ಒಟ್ಟಿಗೆ ಕುಸಿಯುವುದಕ್ಕಿಂತ ನಾವೇ ಒಂದೊಂದಾಗಿ ತೆಗೆಯುವುದು ವಾಸಿ. ಫೋನ್ ಹಿಂದಿನ ದಿನವೇ ಚಾರ್ಜ್ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಮನೆ ಮೇಲೆ ಸೋಲಾರ್ ಹಾಕಿಸಿದ್ದೇವೆ. ಲೈನ್ ಹೋದರೆ ಬಿಸಿಲಿದ್ದರೂ ನಮ್ಮ ಮನೆಯಲ್ಲೂ ಕತ್ತಲೆ. ಮೋಸ ಹೋದೆವಾ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಇಲ್ಲ ಮೇಷ್ಟ್ರೇ. ಗ್ರಿಡ್ಡಿಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ನಿಮ್ಮ ಚಾವಣಿಯ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು 11 ಕೆವಿ ಆಗುತ್ತದೆ, ಕಂಬದ ಮೇಲೆ ಕೆಲಸ ಮಾಡುವವನ ಕಥೆ ಮುಗಿಯುತ್ತದೆ. ಕತ್ತಲೆ ಬೇಡವಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು. ಇದೇ ಮಾತು ಜನರೇಟರ್ ಇಟ್ಟುಕೊಂಡವರಿಗೂ. ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಂದಕ್ಕೆ ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿಗೆ ವೈರ್ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವವರು ದಯವಿಟ್ಟು ಇವತ್ತೇ ನಿಲ್ಲಿಸಿ.

ಪ್ರಶ್ನೆ: ಗಾಳಿ ಬೀಸಿದಾಗ ಬಲ್ಬು ಒಮ್ಮೆಲೇ ಝಗ್ಗನೆ ಉರಿದು ಟಿವಿ ಸುಟ್ಟುಹೋಯಿತು. ಪಕ್ಕದ ಮನೆಯಲ್ಲಿ ಮಂಕಾಗಿತ್ತು!
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ ತುಂಡಾಗಿದೆ ಅಕ್ಕ. ಆಗ ಕೆಲವು ಮನೆಗಳಿಗೆ 240ರ ಬದಲು 400 ವೋಲ್ಟ್ ಹತ್ತಿರದವರೆಗೂ ಬರಬಹುದು, ಕೆಲವಕ್ಕೆ ಪೂರ್ತಿ ಕಡಿಮೆ. ಬಲ್ಬು ಹಾಗೆ ಉರಿದ ಕೂಡಲೇ ಮೇನ್ ಸ್ವಿಚ್ ಇಳಿಸಿ, ಫ್ರಿಜ್, ಟಿವಿ ಅಂತ ಓಡಬೇಡಿ.

ಪ್ರಶ್ನೆ: ತೋಟದ ಹಲಸಿನ ಮರದ ಗೆಲ್ಲು ಕಡಿಯಲು ಬಂದವರನ್ನು ವಾಪಸ್ ಕಳಿಸಿದೆ. ಕಡಿದರೆ ಬೋಳು ಮಾಡಿ ಹೋಗುತ್ತಾರೆ. ತಪ್ಪಾ?
— ಕೃಷಿಕರು, ಕೊಪ್ಪ

ಉತ್ತರ: ಬೋಳಿಸುತ್ತಾರೆ ಅನ್ನುವ ನಿಮ್ಮ ಸಿಟ್ಟು ನ್ಯಾಯವೇ. ಆದರೆ ವಾಪಸ್ ಕಳಿಸಿದ್ದು ಸರಿಯಲ್ಲ, ಆ ಲೈನ್ ನಿಮ್ಮೊಬ್ಬರದ್ದಲ್ಲ. ನೀವೇ ಜೊತೆಗೆ ನಿಂತು ಯಾವ ಗೆಲ್ಲು ಅಂತ ತೋರಿಸಿ ಕಡಿಸಿ. ಮರ ಉಳಿಯಲೇಬೇಕು ಅಂತಿದ್ದರೆ ಅಷ್ಟು ಭಾಗಕ್ಕೆ ಹೊದಿಕೆ ತಂತಿ ಹಾಕಲು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಲೈನ್ ಆಫ್ ಮಾಡಿಸದೆ ನೀವೇ ಕಡಿಯಲು ಹೋಗಬೇಡಿ, ಅದರಲ್ಲೂ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಹಿಡಿದಂತೂ ಬೇಡವೇ ಬೇಡ. ಅದು ಕಬ್ಬಿಣವಲ್ಲ, ಏನೂ ಆಗುವುದಿಲ್ಲ ಅಂತ ತುಂಬ ಜನ ತಿಳಿದಿದ್ದಾರೆ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ.

ಪ್ರಶ್ನೆ: ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ ಏನು ಹೇಳಬೇಕು? "ಕರೆಂಟ್ ಇಲ್ಲ" ಅಂದರೆ "ಗೊತ್ತು" ಅಂತಾರೆ.
— ಓದುಗರು, ಪುತ್ತೂರು

ಉತ್ತರ: ನಿಮ್ಮ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ, ಟಿಸಿ (ಟ್ರಾನ್ಸ್‌ಫಾರ್ಮರ್) ಇರುವ ಜಾಗ, ಇಷ್ಟು ಹೇಳಿ. ತಂತಿ ಬಿದ್ದಿದ್ದರೆ ಮೊದಲು ಅದನ್ನೇ ಹೇಳಿ, ಯಾರ ಮನೆ ಹತ್ತಿರ, ರಸ್ತೆ ಮೇಲಾ ತೋಟದಲ್ಲಾ ಅಂತ. ಅವರು ಬರುವವರೆಗೆ ಮಕ್ಕಳು, ದನಗಳು ಆ ಕಡೆ ಹೋಗದಂತೆ ಒಬ್ಬರು ದೂರದಲ್ಲಿ ನಿಂತಿರಿ.