ಊರಿನ ಮನೆ ಸೋರುವಾಗ ಇಟಲಿಯಲ್ಲಿ ಬಾಡಿಗೆ ಮನೆಯೇ?

ಪ್ರಶ್ನೆ: ನಾನು ಗಂಡ ಮತ್ತು ಇಬ್ಬರು ಮಕ್ಕಳ ಜೊತೆ ಮ್ಯೂನಿಕ್‌ನಲ್ಲಿದ್ದೇನೆ. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ಬರುವ ಏಪ್ರಿಲ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಹಳ್ಳಿಯಿಂದ ಅಪ್ಪ ಅಮ್ಮ ಮೊದಲ ಸಲ ಇಲ್ಲಿಗೆ ಬರುತ್ತಿದ್ದಾರೆ, ಮೂರು ತಿಂಗಳಿಗೆ. ಮೇ ಕೊನೆಗೆ ಬೆಂಗಳೂರಿನಿಂದ ಅಣ್ಣ, ಅತ್ತಿಗೆ, ಅವರ ಮಗಳೂ ಬರುತ್ತಾರೆ. ಎಲ್ಲರೂ ಒಂದೇ ಮನೆಯಲ್ಲಿ ಒಂದು ವಾರ ಇರಬೇಕು ಅನ್ನೋದು ನನ್ನ ಎಷ್ಟೋ ವರ್ಷದ ಆಸೆ. ಇಟಲಿಯ ಕಿಯಾಂತಿ ಸೀಮೆಯಲ್ಲಿ, ರಾದ್ದಾ ಊರಿನ ಹತ್ತಿರ, ದ್ರಾಕ್ಷಿ ತೋಟದ ನಡುವೆ ರಿಪೇರಿ ಮಾಡಿಸಿದ, ಈಜುಕೊಳವೂ ಇರುವ ಹಳೇ ರೈತರ ಮನೆಯೊಂದು ಸಿಕ್ಕಿತು. ವಾರಕ್ಕೆ 4,500 ಯೂರೋ. ಸರ್‌ಪ್ರೈಸ್ ಕೊಡೋಣ ಅಂತ ಯಾರನ್ನೂ ಕೇಳದೆ 1,350 ಯೂರೋ ಮುಂಗಡ ಕಟ್ಟಿದೆ. ವಿಷಯ ಹೇಳಿದಾಗ ಅಪ್ಪ, "ಇಲ್ಲಿ ನಮ್ಮ ಮನೆ ಹೆಂಚು ಒಡೆದು ಸೋರ್ತಿದೆ. ಅಲ್ಲಿ ಯಾರದ್ದೋ ಹೊಲದ ಮನೆಗೆ ಲಕ್ಷಗಟ್ಟಲೆ ಬಾಡಿಗೆಯಾ?" ಅಂದರು. ಎರಡು ವಾರ ಆಯಿತು, ಫೋನ್ ಮಾಡಿದರೆ ಅಮ್ಮನ ಕೈಗೆ ಕೊಡುತ್ತಾರೆ. ಅತ್ತಿಗೆಗೆ ರೋಮ್, ವೆನಿಸ್ ನೋಡಬೇಕು. "ಒಂದೇ ಸಲ ಬರೋದು, ಹಳ್ಳೀಲಿ ಏಳು ದಿನ ಕೂರೋಕಾ?" ಅಂತಾರೆ. ಅಣ್ಣ ನಮ್ಮ ಪಾಲೆಷ್ಟು ಅಂತ ಕೇಳಿದ, ನಾನು ನೋಡೋಣ ಅಂದೆ. ಸುಮ್ನೆ ಕ್ಯಾನ್ಸಲ್ ಮಾಡು ಅಂತಾರೆ ಗಂಡ. ನಾನು ಮಾಡಿದ್ದು ತಪ್ಪಾ?
– ಹೆಸರು ಬೇಡ, ಮ್ಯೂನಿಕ್

ಉತ್ತರ: ಕ್ಯಾನ್ಸಲ್ ಮಾಡಬೇಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಎರಡು ವಾರ ನೀವು ಸರಿಯಾಗಿ ನಿದ್ದೆ ಮಾಡಿರಲಾರಿರಿ.

ನಿಮ್ಮ ಕಾಗದವನ್ನು ಎರಡನೇ ಸಲ ಓದುವಾಗ ನನ್ನ ಕಣ್ಣು ನಿಂತದ್ದು ತಿಂಗಳುಗಳ ಮೇಲೆ. ಏಪ್ರಿಲ್‌ನಿಂದ ಮೂರು ತಿಂಗಳು. ಅಂದರೆ ಮೇ ಕೊನೆಗೆ ಅಪ್ಪ ಊರಲ್ಲಿರುವುದಿಲ್ಲ, ಜೂನ್‌ನಲ್ಲೂ ಇರುವುದಿಲ್ಲ. ಸಾಗರದ ಕಡೆ ಮಳೆ ಹಿಡಿಯುವುದೇ ಆಗ. ಒಡೆದ ಹೆಂಚಿನ ಮನೆಗೆ ಬೀಗ ಹಾಕಿ, ಮಳೆಗಾಲದ ಬಾಯಿಗೆ ಅದನ್ನು ಬಿಟ್ಟು ವಿಮಾನ ಹತ್ತಬೇಕು. ತೋಟದ ಸುದ್ದಿಯನ್ನು ನೀವು ಬರೆದಿಲ್ಲ. ಆದರೆ ಆ ಕಡೆಯವರು ಅಂದಮೇಲೆ ನಾಲ್ಕು ಅಡಿಕೆ ಮರವಾದರೂ ಇರಬೇಕಲ್ಲ? ಇದ್ದರೆ ಮಳೆ ಹಿಡಿಯುವ ಹೊತ್ತಿಗೆ ಅಡಿಕೆ ಗೊನೆಗಳಿಗೆ ಬೋರ್ಡೋ ಔಷಧಿ ಹೊಡೆಸಬೇಕು. ತಪ್ಪಿದರೆ ಕೊಳೆ ರೋಗ. ಮರ ಹತ್ತಿ ಈ ಕೆಲಸ ಮಾಡುವ ಕೊನೆಗೌಡ ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಕೂತ ಮನುಷ್ಯನಿಗೆ ಮಗಳು ಫೋನ್ ಮಾಡಿ, ಈಜುಕೊಳ ಇರುವ ಹಳೇ ಮನೆ ಹಿಡಿದಿದ್ದೇನೆ ಅಂದಳು. ಆ ಮಾತು ಬಂದದ್ದು ಹಾಗೆ. ಅದು ಜಿಪುಣತನ ಅಲ್ಲ, ನಿಮ್ಮ ಮೇಲಿನ ಸಿಟ್ಟೂ ಅಲ್ಲ. ನನ್ನ ಮನೆಯನ್ನು ನೋಡಿಕೊಳ್ಳುವವರು ಯಾರು ಅನ್ನುವ ಪ್ರಶ್ನೆ ಅದು. ಹಾಗೆ ನೇರವಾಗಿ ಕೇಳಲು ಆಗದೆ ಬಾಡಿಗೆಯ ಮೇಲೆ ಹಾಕಿ ಆಡಿದ್ದಾರೆ.

ಹಾಗಾಗಿ ಮೊದಲು ನೀವೂ ಅಣ್ಣನೂ ಮಾತಾಡಿ. ಹೆಂಚಿನ ಕೆಲಸ ಮಾರ್ಚ್ ಒಳಗೆ ಮುಗಿಯಲಿ. ಅಣ್ಣ ಎರಡು ಶನಿವಾರ ಊರಿಗೆ ಹೋಗಿ ಎದುರಿಗೆ ನಿಂತು ಮಾಡಿಸಲಿ, ಖರ್ಚು ಇಬ್ಬರದೂ. ಇದನ್ನು ಇಟಲಿ ಲೆಕ್ಕದ ಜೊತೆ ಸೇರಿಸಬೇಡಿ. ಆಮೇಲೆ ಅಪ್ಪನನ್ನೇ ಕೇಳಿ: ಮೂರು ತಿಂಗಳೂ ಇರುತ್ತೀರಾ, ಇಲ್ಲ ಜೂನ್ ಮೊದಲ ವಾರಕ್ಕೆ ಟಿಕೆಟ್ ಮಾಡಿಸಲಾ? ಅವರು ಜೂನ್ ಅಂದರೆ ಮುಖ ಸಣ್ಣ ಮಾಡಿಕೊಳ್ಳಬೇಡಿ.

ಇನ್ನು ಆ "ಯಾರದ್ದೋ ಹೊಲದ ಮನೆ" ಅನ್ನುವ ಮಾತು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಅದು ಯಾರ ಮನೆ ಅಂತ ತಿಳಿದರೆ ನಿಮ್ಮ ಇಡೀ ಬಳಗದಲ್ಲಿ ಅದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳುವವರು ಅಪ್ಪನೇ.

ಕಿಯಾಂತಿಯ ಆ ಕಲ್ಲಿನ ಮನೆಗಳು ಶ್ರೀಮಂತರ ವಿಲ್ಲಾಗಳಾಗಿ ಹುಟ್ಟಿದವಲ್ಲ. ಅಲ್ಲಿ ಮೆತ್ಸಾದ್ರಿಯಾ ಅನ್ನುವ ಪದ್ಧತಿ ಇತ್ತು. ಜಮೀನು, ಮನೆ ಎರಡೂ ಧಣಿಯದು. ದುಡಿಮೆ ಒಕ್ಕಲಿನದು. ಬೆಳೆದದ್ದರಲ್ಲಿ ಅರ್ಧ ಧಣಿಗೆ. ದ್ರಾಕ್ಷಿ, ಗೋಧಿ, ಆಲಿವ್ ಎಣ್ಣೆ ಎಲ್ಲದರಲ್ಲೂ ಪಾಲು. ಹಬ್ಬಕ್ಕೆ ಕೋಳಿಯನ್ನೂ ಒಪ್ಪಿಸಬೇಕಿತ್ತು. ಲೆಕ್ಕ ಬರೆಯುವವನು ಧಣಿಯ ಮೇಸ್ತ್ರಿ. ಒಕ್ಕಲು ಬಿಡಿಸಿದರೆ ಜಮೀನಿನ ಜೊತೆ ಮನೆಯೂ ಹೋಯಿತು. ಕೆಳಗೆ ದನದ ಕೊಟ್ಟಿಗೆ, ಹೊರಗಿನಿಂದ ಕಲ್ಲಿನ ಮೆಟ್ಟಿಲು, ಮೇಲೆ ದೊಡ್ಡ ಒಲೆಯ ಅಡುಗೆಮನೆ, ಅದರ ಸುತ್ತ ಮಲಗುವ ಕೋಣೆಗಳು. ಚಳಿಗಾಲದಲ್ಲಿ ದನದ ಮೈಶಾಖ ಮೇಲಿನವರಿಗೂ ತಾಗುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಜನ ಬೇಸತ್ತು ಫ್ಯಾಕ್ಟರಿ ಕೆಲಸ ಹುಡುಕಿ ಪಟ್ಟಣಕ್ಕೆ ನಡೆದರು. ಹೊಸದಾಗಿ ಇಂಥ ಕರಾರು ಮಾಡಿಕೊಳ್ಳಬಾರದು ಅಂತ 1964ರಲ್ಲಿ ಕಾನೂನು ಬಂತು. ಅಷ್ಟರಲ್ಲಿ ಎಷ್ಟೋ ಮನೆಗಳು ಖಾಲಿ ಬಿದ್ದಿದ್ದವು. ಮಾಡು ಕುಸಿದ ಆ ಮನೆಗಳನ್ನು ಇಂಗ್ಲಿಷರು, ಜರ್ಮನರು, ಪಟ್ಟಣದ ಇಟಾಲಿಯನ್ನರು ಅಗ್ಗಕ್ಕೆ ಕೊಂಡು ರಿಪೇರಿ ಮಾಡಿಸಿದರು. ನೀವು ಹಿಡಿದಿರುವ ಮನೆಯ ಕಥೆಯೂ ಹೆಚ್ಚುಕಮ್ಮಿ ಇದೇ ಇರಬೇಕು.

ಸಾಗರದವರಿಗೆ ಇದು ಎಲ್ಲೋ ಕೇಳಿದ ಹಾಗಿಲ್ಲವೇ? ಗೇಣಿ ಭತ್ತ ಅಳೆಯುವ ಕೊಳಗದ ಅಳತೆಗಾಗಿ ಗೇಣಿದಾರರು ಎದ್ದು ನಿಂತ ಕಾಗೋಡು ನಿಮ್ಮದೇ ತಾಲ್ಲೂಕು. ಅದು 1951. ಆಮೇಲೆ ಉಳುವವನೇ ಹೊಲದೊಡೆಯ ಅಂದ 1974ರ ಕಾನೂನು, ಗೇಣಿ ಜಮೀನು ತಮ್ಮ ಹೆಸರಿಗೆ ಬರಲಿ ಅಂತ ಡಿಕ್ಲರೇಷನ್ ಅರ್ಜಿ ಕೊಡಲು ಸಾಲು ನಿಂತ ಜನ. ನಿಮ್ಮ ಮನೆಯವರು ಗೇಣಿ ಕೊಡುವ ಕಡೆ ಇದ್ದರೋ, ತೆಗೆದುಕೊಳ್ಳುವ ಕಡೆ ಇದ್ದರೋ ನನಗೆ ಗೊತ್ತಿಲ್ಲ. ಯಾವ ಕಡೆ ಇದ್ದರೂ ಅಪ್ಪನ ಹತ್ತಿರ ಇದರ ನೆನಪು ಇದ್ದೇ ಇರುತ್ತದೆ. ನಮ್ಮಲ್ಲಿ ಉಳುವವನಿಗೆ ಹೊಲ ಬಂತು, ಅವನು ಊರಲ್ಲಿ ಉಳಿದ. ಅಲ್ಲಿ ಬಹುಪಾಲು ಜನ ಕೈ ಕೊಡವಿ ಎದ್ದು ಹೋದರು, ಗೋಡೆ ಮಾತ್ರ ಉಳಿಯಿತು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಬಲ್ಲ ಅಜ್ಜ ಇರುವಾಗ ನಿಮ್ಮ ಮಕ್ಕಳಿಗೆ ಬೇರೆ ಗೈಡ್ ಯಾಕೆ?

ಇನ್ನೂ ಒಂದಿದೆ. ಮೇ ಕೊನೆಗೆ ಅಲ್ಲಿನ ದ್ರಾಕ್ಷಿ ತೋಟಗಳಿಗೂ ಔಷಧಿ ಹೊಡೆಯುವ ಕಾಲ. ತಾಮ್ರದ ಔಷಧಿ ಹೊಡೆದ ತೋಟದಲ್ಲಿ ಎಲೆಯ ಮೇಲೆ ತಿಳಿ ನೀಲಿ ಕಲೆ ಕಾಣುತ್ತದೆ. ಅದು ನಮ್ಮ ಅಡಿಕೆಗೆ ಹೊಡೆಯುವ ಮೈಲುತುತ್ತದ ಬಳಗವೇ. ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಯ ರೋಗಕ್ಕೆ. ಹೆಸರು ಬಂದದ್ದೂ ಆ ಊರಿನಿಂದಲೇ. ಅಪ್ಪ ಬೆಳಿಗ್ಗೆ ಎದ್ದು ಸಾಲಿನ ನಡುವೆ ನಡೆದು, ಒಂದು ಎಲೆ ಮಗುಚಿ ನೋಡುವುದು ನನ್ನ ಕಣ್ಣಿಗೆ ಕಟ್ಟುತ್ತಿದೆ. ಕತ್ತಲಾದ ಮೇಲೆ ಅಂಗಳದಲ್ಲಿ ಮಿಂಚುಹುಳ. ಅಲ್ಲಿ ಅದರ ಕಾಲ ಮೇ ಕೊನೆ, ಜೂನ್. ನಿಮ್ಮೂರಲ್ಲೂ ಮಳೆಗೆ ಮುಂಚೆ ಅಷ್ಟು ಹೊತ್ತಿಗೇ ಅಲ್ವಾ?

ಈಗ ಹಣ. 4,500 ಯೂರೋವನ್ನು ಒಂಬತ್ತು ಜನ, ಏಳು ರಾತ್ರಿಗೆ ಹಂಚಿದರೆ ತಲೆಗೆ ದಿನಕ್ಕೆ 71 ಯೂರೋ ಚಿಲ್ಲರೆ. ನಾಲ್ಕು ಹೋಟೆಲ್ ರೂಮು ಹಿಡಿದು, ಮೂರು ಹೊತ್ತೂ ಹೊರಗೆ ಉಂಡರೆ ಇದಕ್ಕಿಂತ ಕಡಿಮೆ ಆಗುವುದು ಕಷ್ಟ. ಆದ್ದರಿಂದ ದುಂದು ಅಂತ ನಾನು ಹೇಳಲಾರೆ. ನೀವು ತಪ್ಪಿದ್ದು ಬೇರೆ ಕಡೆ. ಒಂಬತ್ತು ಜನರ ವಾರವನ್ನು ಒಬ್ಬರೇ ತೀರ್ಮಾನ ಮಾಡಿದಿರಿ. ಅದು ಉಡುಗೊರೆಯೋ ಪಾಲಿನ ಖರ್ಚೋ ಅಂತ ನಿಮಗೇ ಗೊತ್ತಿಲ್ಲದೆ ಅಣ್ಣನಿಗೆ "ನೋಡೋಣ" ಅಂದಿರಿ. ಆ ಒಂದು ಶಬ್ದದಿಂದ ಎಷ್ಟು ಅಣ್ಣ ತಂಗಿಯರು ಮಾತು ಬಿಟ್ಟಿದ್ದಾರೋ! ಇವತ್ತೇ ಅವನಿಗೆ ಒಂದು ಅಂಕಿ ಹೇಳಿ. ಅಪ್ಪ ಅಮ್ಮನದು ನಾನು ಹಾಕುತ್ತೇನೆ, ನಿಮ್ಮ ಮೂವರದು 1,500, ಇಷ್ಟವಿದ್ದರೆ ಬನ್ನಿ, ಕಷ್ಟವಾದರೆ ಈಗಲೇ ಹೇಳಿ ಅಂತ.

ಕ್ಯಾನ್ಸಲ್ ಅನ್ನುವ ಮೊದಲು ಗಂಡನಿಗೆ ಕರಾರು ಪತ್ರ ತೋರಿಸಿ. ಮುಂಗಡಕ್ಕೆ ಅಲ್ಲಿ ಯಾವ ಪದ ಬಳಸಿದ್ದಾರೆ ನೋಡಿ. "ಕಪಾರ್ರಾ ಕೊನ್ಫೆರ್ಮಾತೋರಿಯಾ" ಅಂತಿದ್ದರೆ, ಇಟಲಿ ಕಾನೂನಿನಲ್ಲಿ ಮಾತು ತಪ್ಪಿದವರಿಗೆ ಅದರ ನಷ್ಟ. ನೀವು ತಪ್ಪಿದರೆ ಮುಂಗಡ ಹೋಯಿತು. ಮನೆಯವರು ತಪ್ಪಿದರೆ ಎರಡರಷ್ಟು ವಾಪಸ್ ಕೇಳಬಹುದು. ಬಾಕಿ ಕಟ್ಟುವ ಮುಂಚೆ ಇನ್ನೊಂದು ನೋಡಿಕೊಳ್ಳಿ. 2025ರ ಜನವರಿಯಿಂದ ಇಂಥ ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಸಿಐಎನ್ ಅನ್ನುವ ಸರ್ಕಾರಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಯಾಕೆ ಅಂತ ಕೇಳಿ. ಕೊನೆಯ ದಿನದ ಕ್ಲೀನಿಂಗ್, ತಲೆಗಿಷ್ಟು ಅಂತ ಊರಿನವರು ಹಾಕುವ ಪ್ರವಾಸಿ ತೆರಿಗೆ, ಡಿಪಾಸಿಟ್, ಇವೆಲ್ಲ ಬಾಡಿಗೆಯಲ್ಲಿ ಸೇರಿದೆಯಾ ಅನ್ನುವುದನ್ನೂ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಅತ್ತಿಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಅಷ್ಟು ದೂರ ಬಂದವರಿಗೆ ರೋಮ್ ನೋಡುವ ಆಸೆ ಇರುತ್ತದೆ. ವಾರ ಮುಗಿದ ಮೇಲೆ ಅವರ ಮೂವರನ್ನು ಫ್ಲಾರೆನ್ಸ್‌ನಲ್ಲಿ ರೈಲು ಹತ್ತಿಸಿ. ಒಂದೂವರೆ ಗಂಟೆಗೆ ರೋಮ್. ಅಲ್ಲಿಂದಲೇ ಬೆಂಗಳೂರಿಗೆ ಹೊರಡಲಿ. ಒಂದು ಎಚ್ಚರ ಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ಇರುವ ದೇಶದ ಕಡೆಯಿಂದ ಪಡೆಯಬೇಕು. ಅಣ್ಣನವರಿಗೆ ಇಟಲಿಯ ದಿನಗಳೇ ಜಾಸ್ತಿ ಆಗುವುದಾದರೆ ಇಟಲಿಯದು, ಅಪ್ಪ ಅಮ್ಮನಿಗೆ ಜರ್ಮನಿಯದು.

ಇನ್ನು ಅಡುಗೆಮನೆ. ದಯವಿಟ್ಟು ಇದನ್ನು ಗಂಡನಿಗೂ ಓದಿ ಹೇಳಿ. ಒಮ್ಮೆ ನಾನು ಗೆಳತಿಯ ಮನೆಯವರ ಜೊತೆ ಕಿಯಾಂತಿಯದೇ ಊರಾದ ಗ್ರೇವೆ ಹತ್ತಿರ ಇಂಥದ್ದೇ ಮನೆಯಲ್ಲಿ ಐದು ದಿನ ಇದ್ದೆ. ಮೂರನೇ ಸಂಜೆ ಓವನ್ ಉರಿಯುತ್ತಿತ್ತು, ವಾಷಿಂಗ್ ಮಷೀನ್ ತಿರುಗುತ್ತಿತ್ತು. ಗೆಳತಿ ಚಟ್ನಿಗೆ ಮಿಕ್ಸಿ ಹಾಕಿದಳು, ಇಡೀ ಮನೆ ಕತ್ತಲಾಯಿತು. ಇಟಲಿಯ ಬಹಳಷ್ಟು ಮನೆಗಳಿಗೆ ಇರುವುದು 3 ಕಿಲೋವ್ಯಾಟ್ ಸಂಪರ್ಕ. ಸ್ವಿಚ್ ಪೆಟ್ಟಿಗೆ ಸೌದೆ ಕೊಟ್ಟಿಗೆಯ ಹಿಂದೆ ಇತ್ತು, ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆವು. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಕೈಯೆಲ್ಲ ತೆಂಗಿನತುರಿ ಮಾಡಿಕೊಂಡು ಕತ್ತಲಲ್ಲೇ ಕೂತುಬಿಟ್ಟಳು. ಆಗ ನನಗೆ ಹೊಳೆಯಿತು, ಮೂರು ದಿನದಿಂದ ಅವಳು ಅಂಗಳಕ್ಕೂ ಬಂದಿರಲಿಲ್ಲ. ನಾನೂ ಕರೆದಿರಲಿಲ್ಲ.

ಆ ಸ್ಥಿತಿ ನಿಮಗೆ ಬರಬಾರದು. ಯಾರು ಯಾವ ದಿನ ಒಲೆ ಮುಂದೆ ಅನ್ನುವುದನ್ನು ಹೊರಡುವ ಮೊದಲೇ ಬರೆದುಬಿಡಿ. ಅಣ್ಣ, ಗಂಡ ಇಬ್ಬರ ಹೆಸರೂ ಇರಲಿ. ಅಮ್ಮನಿಗೆ ದಿನಕ್ಕೊಂದು ಸಲ ಅನ್ನ ಸಾರು ಆದರೆ ಸಾಕು, ಉಳಿದದ್ದು ಅಲ್ಲಿಯದೇ ಆಗಲಿ. ಅಲ್ಲಿನ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ, ಮೊದಲ ತುತ್ತಿಗೆ ಸಪ್ಪೆ ಅನಿಸುತ್ತದೆ. ಆದರೆ ಮಿಕ್ಕ ಬ್ರೆಡ್ಡು, ಬಿಳಿ ಬೀನ್ಸ್ ಕಾಳು, ಕಪ್ಪು ಸೊಪ್ಪು ಹಾಕಿ ಕುದಿಸಿದ ರಿಬೊಲ್ಲಿತಾ ಅನ್ನುವ ಗಟ್ಟಿ ಸಾರಿದೆ. ನಿನ್ನೆಯದನ್ನು ಇವತ್ತು ಮತ್ತೆ ಕುದಿಸಿ ತಿನ್ನುವ ರೈತರ ಊಟ ಅದು. ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಅಕ್ಕಿ, ಬೇಳೆ ಮ್ಯೂನಿಕ್‌ನಿಂದಲೇ ಒಯ್ಯಿರಿ. ಸಾಮಾನ್ಯವಾಗಿ ಶನಿವಾರ ಸಂಜೆ ಕೀಲಿ ಕೊಡುತ್ತಾರೆ. ಮಾರನೇ ದಿನ ಭಾನುವಾರ, ಹಳ್ಳಿಯಲ್ಲಿ ಅಂಗಡಿ ನಂಬಿಕೊಳ್ಳಬೇಡಿ.

ಕೊನೆಗೆ ಮೆಟ್ಟಿಲು. ಹಳೇ ಕಲ್ಲಿನ ಮೆಟ್ಟಿಲುಗಳು ಒಂದು ಎತ್ತರ, ಒಂದು ತಗ್ಗು. ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವಯಸ್ಸಾದವರಿಗೆ ಅಲ್ಲಿ ಕಾಲು ಜಾರುವ ಭಯ. ಕೆಳಗೇ ಮಲಗುವ ಕೋಣೆ, ಪಕ್ಕದಲ್ಲೇ ಬಚ್ಚಲು ಇದೆಯಾ ಅಂತ ಇವತ್ತು ರಾತ್ರಿ ಮನೆಯವರಿಗೆ ಮೇಲ್ ಮಾಡಿ. ಈಜುಕೊಳದ ಸುತ್ತ ಬೇಲಿ, ಬಾಗಿಲು ಇದೆಯಾ ಅಂತಲೂ ಕೇಳಿ. ನಾಲ್ಕು ವರ್ಷದ ಮಗು ಇರುವ ಮನೆ. ಈ ಎರಡಕ್ಕೂ ಇಲ್ಲ ಅಂತ ಉತ್ತರ ಬಂದರೆ ಮಾತ್ರ ನಾನೂ ನಿಮ್ಮ ಗಂಡನ ಜೊತೆ ಸೇರುತ್ತೇನೆ. ಮುಂಗಡ ಹೋದರೂ ಹೋಗಲಿ, ಬೇರೆ ಮನೆ ನೋಡಿ.

ಕೆಳಗೆ ಕೋಣೆ ಇದ್ದರೆ ಅದು ಹಿಂದೆ ಕೊಟ್ಟಿಗೆಯೇ ಆಗಿದ್ದಿರಬಹುದು. ಕೆಲವು ಮನೆಗಳಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ ಗೋದಲಿಯನ್ನು ಗೋಡೆಯಲ್ಲಿ ಹಾಗೇ ಉಳಿಸಿರುತ್ತಾರೆ. ನಿಮ್ಮದರಲ್ಲೂ ಇದ್ದರೆ ಅದರ ಫೋಟೋ ತರಿಸಿಕೊಳ್ಳಿ. ಹೆಂಚಿನ ಕೆಲಸಕ್ಕೆ ಅಣ್ಣ ಊರಿಗೆ ಬರುತ್ತಾನೆ ಅಂತ ಹೇಳಲು ಅಪ್ಪನಿಗೆ ಫೋನ್ ಮಾಡುತ್ತೀರಲ್ಲ, ಆಗ ಆ ಒಂದು ಫೋಟೋ ಕಳಿಸಿ. ಈಜುಕೊಳದ್ದು ಬೇಡ.