ಕ್ಯಾಮೆರಾ ಚೆನ್ನಾಗಿದ್ದರೂ ಕೈಸನ್ನೆ ಯಾಕೆ ಕೈಕೊಡುತ್ತೆ?

ನೀವು ಕೇಳಿರೋದು ಇಷ್ಟು: ಮುಟ್ಟದೆ ನಡೆಸುವ ಸ್ಕ್ರೀನ್ ಮಾಡಿದ್ದೀರಿ, ಕ್ಯಾಮೆರಾ ಕೈಯನ್ನು ಸರಿಯಾಗಿಯೇ ಗುರುತಿಸುತ್ತಿದೆ. ಆದರೂ ಜನ ಬಟನ್ ಮೇಲೆ ಕರ್ಸರ್ ನಿಲ್ಲಿಸಲಾಗದೆ ಒದ್ದಾಡುತ್ತಾರೆ, ಸ್ವಲ್ಪ ಹೊತ್ತಿಗೇ ಭುಜ ನೋವು ಅನ್ನುತ್ತಾರೆ. ಇನ್ನೂ ಒಳ್ಳೆಯ ಸೆನ್ಸರ್ ಹಾಕಿದರೆ ಸರಿಹೋಗುತ್ತಾ?

ಹೋಗಲ್ಲ. ನಾನು ಇಂಥ ಸ್ಕ್ರೀನ್‌ಗಳ ಮೇಲೆ ಕೆಲಸ ಮಾಡುವವನು. ಸೆನ್ಸರ್ ಬದಲಿಸುವ ದುಡ್ಡು ಉಳಿಸಿ, ಜನರ ಭುಜ, ಮೊಣಕೈ, ಕಣ್ಣು ಹೇಗೆ ಕೆಲಸ ಮಾಡುತ್ತವೆ ಅಂತ ಮೊದಲು ನೋಡಿ ಅಂತಲೇ ನನ್ನ ಸಲಹೆ.

ಈಗಲೇ ಒಂದು ಪರೀಕ್ಷೆ ಮಾಡಿ. ಎದುರು ಗೋಡೆಯ ಮೇಲಿನ ಸ್ವಿಚ್ಚಿನ ಕಡೆ ಬೆರಳು ಮಾಡಿ, ಕೈ ಅಲ್ಲಾಡಿಸದೆ ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ. ಹೆಚ್ಚಿನವರಿಗೆ ಒಂದು ಕಣ್ಣಿನಿಂದ ನೋಡಿದಾಗ ಬೆರಳ ತುದಿ ಸ್ವಿಚ್ಚಿನ ಮೇಲೇ ಇರುತ್ತೆ, ಇನ್ನೊಂದರಿಂದ ಪಕ್ಕಕ್ಕೆ ಸರಿದಿರುತ್ತೆ. ಅಂದರೆ ನಾವು ದೂರದ್ದನ್ನು ತೋರಿಸುವಾಗ ಕಣ್ಣು, ಬೆರಳ ತುದಿ, ಗುರಿ ಮೂರನ್ನೂ ಒಂದೇ ಗೆರೆಗೆ ತರುತ್ತೇವೆ. ಎಷ್ಟೋ ಪ್ರೋಗ್ರಾಂಗಳು ಮೊಣಕೈಯಿಂದ ಮಣಿಕಟ್ಟಿಗೆ ಗೆರೆ ಎಳೆದು, ಅದನ್ನೇ ಸ್ಕ್ರೀನ್‌ವರೆಗೆ ಮುಂದುವರಿಸುತ್ತವೆ. ಮೊಣಕೈ ಕಣ್ಣಿಗಿಂತ ಕೆಳಗಿರೋದರಿಂದ ಆ ಗೆರೆ ಗುರಿಗಿಂತ ಮೇಲೆ ಹೋಗಿ ತಾಗುತ್ತೆ. ಕೈ ಎಷ್ಟು ನಿಖರವಾಗಿ ಸಿಕ್ಕರೂ ಈ ವ್ಯತ್ಯಾಸ ಹೋಗಲ್ಲ. ತಲೆ ಎಲ್ಲಿದೆ ಅಂತ ಪತ್ತೆಹಚ್ಚಿ, ಅಲ್ಲಿಂದ ಬೆರಳ ತುದಿ ಮೂಲಕ ಗೆರೆ ಎಳೆಯಿರಿ.

ಕರ್ಸರ್ ಕಣ್ಣಿಗೆ ಬಿದ್ದ ಮೇಲೆ ಕಥೆಯೇ ಬೇರೆ. ಆಗ ಯಾರೂ ಕೈ ನೋಡಲ್ಲ, ಕರ್ಸರ್ ನೋಡಿಕೊಂಡೇ ಕೈ ತಿದ್ದುತ್ತಾರೆ. ಗುರಿ ಇಟ್ಟು ಕೈ ಚಾಚುವುದು ಎರಡು ಹಂತದಲ್ಲಿ ನಡೆಯುತ್ತೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ವುಡ್‌ವರ್ತ್ 1899ರಲ್ಲೇ ತೋರಿಸಿದ್ದರು: ಮೊದಲು ಒಂದೇ ರಭಸದ ಚಲನೆ, ಗುರಿ ಹತ್ತಿರ ಬಂದಂತೆ ಕಣ್ಣಿನ ನೆರವಿನಿಂದ ಸಣ್ಣ ಸಣ್ಣ ತಿದ್ದುಪಡಿ. ನಿಮ್ಮ ಕರ್ಸರ್ ತಡವಾಗಿ ಹಿಂಬಾಲಿಸಿದರೆ ಕೆಡುವುದು ಈ ಎರಡನೇ ಹಂತ. ಕೈ ಆಗಲೇ ಗುರಿ ಮುಟ್ಟಿರುತ್ತೆ, ಕಣ್ಣಿಗೆ ಇನ್ನೂ ಮುಟ್ಟಿಲ್ಲ ಅಂತ ಕಾಣುತ್ತೆ, ಕೈ ಮತ್ತೂ ಮುಂದೆ ಹೋಗುತ್ತೆ. ಬಟನ್ ಸುತ್ತ ಕರ್ಸರ್ ಸುತ್ತಾಡೋದಕ್ಕೆ ಇದೇ ಕಾರಣ. ಎಲ್ಲರ ಕೈಯಲ್ಲೂ ಸೆಕೆಂಡಿಗೆ ಸುಮಾರು 8ರಿಂದ 12 ಸಲದ ಸಣ್ಣ ನಡುಕ ಸಹಜವಾಗಿಯೇ ಇರುತ್ತೆ. ಅದನ್ನು ಅಳಿಸಲು ಫಿಲ್ಟರ್ ಹಾಕಿದಷ್ಟೂ ಕರ್ಸರ್ ತಡವಾಗುತ್ತೆ. ಕೈ ನಿಧಾನವಾದಾಗ ಜಾಸ್ತಿ, ಜೋರಾದಾಗ ಕಡಿಮೆ ಸೋಸುವ ಫಿಲ್ಟರ್‌ಗಳಿವೆ, ಒನ್ ಯೂರೋ ಫಿಲ್ಟರ್ ಅಂಥದ್ದು. ಬರೆಯೋದೂ ಸುಲಭ.

ಇನ್ನು ಕ್ಲಿಕ್. ಎಲ್ಲಕ್ಕಿಂತ ಕಷ್ಟದ್ದು ಇದೇ. ಯಾರಾದರೂ ಗಾಳಿಯಲ್ಲಿ ಬಟನ್ ಒತ್ತುವಾಗ ಪಕ್ಕದಿಂದ ನಿಂತು ನೋಡಿ. ಅಂಗೈ ನೇರ ಮುಂದೆ ಹೋಗಲ್ಲ. ಭುಜವೂ ಮೊಣಕೈಯೂ ತಿರುಗುವ ಕೀಲುಗಳು, ಹಾಗಾಗಿ ಕೈ ಬಾಗಿದ ದಾರಿ ಹಿಡಿಯುತ್ತೆ. ಒತ್ತುವ ಆ ಕ್ಷಣದಲ್ಲೇ ಕರ್ಸರ್ ಗುರಿಯಿಂದ ಜಾರುತ್ತೆ. ಮೇಲಾಗಿ ಒತ್ತಿದ್ದಾಯಿತು ಅಂತ ಬೆರಳಿಗೆ ಹೇಳುವವರೇ ಇಲ್ಲ. ಮೌಸ್‌ನಲ್ಲಿ ಆ ಟಕ್ ಅನ್ನುವ ಅನುಭವ ಇರುತ್ತೆ. ಒತ್ತಲು ಶುರುಮಾಡುವ ಮುಂಚೆ ಕರ್ಸರ್ ಎಲ್ಲಿತ್ತೋ ಅದನ್ನೇ ಲೆಕ್ಕಕ್ಕೆ ತಗೊಂಡರೆ ಅರ್ಧ ಸಮಸ್ಯೆ ಕಳೆಯುತ್ತೆ. ನನಗೆ ಹೆಚ್ಚು ಇಷ್ಟವಾದದ್ದು ಹೆಬ್ಬೆರಳು ತೋರುಬೆರಳು ಕೂಡಿಸುವ ಸನ್ನೆ. ಅಲ್ಲಿ ಸ್ಕ್ರೀನ್ ಮುಟ್ಟದಿದ್ದರೂ ನಮ್ಮ ಚರ್ಮವನ್ನೇ ಮುಟ್ಟುತ್ತೇವೆ, ಯಾವಾಗ ಕೂಡಿತು, ಯಾವಾಗ ಬಿಟ್ಟಿತು ಅಂತ ಬೆರಳಿಗೇ ಗೊತ್ತಾಗುತ್ತೆ. 2024ರಲ್ಲಿ ಬಂದ, ತಲೆಗೆ ಕನ್ನಡಕದಂತೆ ಹಾಕಿಕೊಳ್ಳುವ ಆಪಲ್ ವಿಷನ್ ಪ್ರೋದಲ್ಲಿ ಆರಿಸುವ ಕೆಲಸ ಕಣ್ಣಿಗೆ, ಒಪ್ಪಿಗೆ ಕೊಡುವ ಕೆಲಸ ಈ ಎರಡು ಬೆರಳಿಗೆ. ಕೈ ತೊಡೆಯ ಮೇಲೇ ಇರಬಹುದು. ಗುರಿ ತೋರಿಸೋದು, ಒಪ್ಪಿಗೆ ಕೊಡೋದು ಎರಡನ್ನೂ ಒಂದೇ ತೋಳಿನ ಮೇಲೆ ಹೊರಿಸದಿರೋದು ನಿಜಕ್ಕೂ ದೊಡ್ಡ ವಿಷಯ. 1980ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕ ರಿಚರ್ಡ್ ಬೋಲ್ಟ್ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ತೋರಿಸೋದನ್ನು ಕೈಗೆ ಬಿಟ್ಟು, ಏನು ಮಾಡಬೇಕು ಅನ್ನೋದನ್ನು ಮಾತಿಗೆ ಬಿಟ್ಟಿದ್ದರು.

ಭುಜ ನೋವಿನ ಲೆಕ್ಕ ಸರಳ. ಒಂದು ತೋಳಿನ ತೂಕ ಮೈತೂಕದ ಸುಮಾರು ನೂರಕ್ಕೆ ಐದರಷ್ಟು, 60 ಕೆಜಿಯವರಿಗೆ 3 ಕೆಜಿ. ಚಾಚಿದ ಕೈಯಲ್ಲಿ ಅಷ್ಟನ್ನೂ ಭುಜದ ಸ್ನಾಯುಗಳೇ ಎತ್ತಿ ಹಿಡಿಯಬೇಕು. ಮೊಣಕೈ ಮಡಚಿ ಮೈಗೆ ಹತ್ತಿರ ಇಟ್ಟರೆ ಭಾರ ತುಂಬಾ ಇಳಿಯುತ್ತೆ. ಆದ್ದರಿಂದ ಸನ್ನೆಯ ಜಾಗವನ್ನು ಸ್ಕ್ರೀನ್ ಅಳತೆಗೆ ಕಟ್ಟಬೇಡಿ. ನಿಂತವರ ಸೊಂಟದಿಂದ ಎದೆಯವರೆಗಿನ ಸಣ್ಣ ಚೌಕ ಸಾಕು, ಅದನ್ನೇ ಇಡೀ ಪರದೆಗೆ ಹಿಗ್ಗಿಸಿ. ಎತ್ತರದವರಿಗೂ ಮಕ್ಕಳಿಗೂ ಆ ಚೌಕ ಅವರವರ ಮೈಗೆ ತಕ್ಕಂತೆ ಜರುಗಲಿ.

ಸ್ವೈಪ್ ಇಟ್ಟಿದ್ದರೆ ಇದನ್ನೂ ಗಮನಿಸಿ: ಎಡಕ್ಕೆ ಬೀಸಿದ ಕೈ ವಾಪಸ್ ಬರಲೇಬೇಕು, ಆ ವಾಪಸನ್ನು ಪ್ರೋಗ್ರಾಂ ಬಲಕ್ಕೆ ಬೀಸಿದ್ದು ಅಂತ ಓದುತ್ತೆ. ಮೂಗು ಕೆರೆದುಕೊಂಡದ್ದೂ ಪಕ್ಕದವರ ಜೊತೆ ಕೈಯಾಡಿಸಿ ಮಾತಾಡಿದ್ದೂ ಅಪ್ಪಣೆಯಾಗಬಾರದು. ಮುಷ್ಟಿ ಹಿಡಿದಾಗ ಮಾತ್ರ ಕೈಯ ಜೊತೆ ಪುಟ ಸರಿಯಲಿ, ಬಿಟ್ಟಾಗ ನಿಲ್ಲಲಿ.

ಮುಟ್ಟಲೇಬಾರದ ಕಡೆ ಈ ತಂತ್ರ ನಿಜಕ್ಕೂ ಬೇಕು. 2010ರ ಕೊನೆಗೆ ಮೈಕ್ರೋಸಾಫ್ಟ್‌ನ ಕೈನೆಕ್ಟ್ (ಮೈಯ ಚಲನೆ ಗುರುತಿಸುವ, ಆಟಕ್ಕಾಗಿ ಮಾಡಿದ ಕ್ಯಾಮೆರಾ) ಬಂದಾಗ ಆಪರೇಷನ್ ಥಿಯೇಟರ್‌ಗಳಲ್ಲಿ ಅದನ್ನು ಪ್ರಯೋಗಿಸಿದರು. ಗ್ಲೌಸ್ ಹಾಕಿದ ಸರ್ಜನ್ ಏನನ್ನೂ ಮುಟ್ಟದೆ ಸ್ಕ್ಯಾನ್ ಚಿತ್ರ ತಿರುಗಿಸಬಹುದು. ಅಲ್ಲಿ ಬೇಕಾಗಿರೋದು ಬೆರಳೆಣಿಕೆಯ ಅಪ್ಪಣೆಗಳು, ಚಿಕ್ಕ ಬಟನ್‌ಗಳಿಂದ ತುಂಬಿದ ಪುಟವಲ್ಲ. ನಿಮ್ಮ ಸ್ಕ್ರೀನ್‌ನಲ್ಲಿ ಒಂದು ಪುಟಕ್ಕೆ ಎಷ್ಟು ಬಟನ್ ಇವೆ, ಜನ ಎಷ್ಟು ದೂರ ನಿಲ್ಲುತ್ತಾರೆ ಅಂತ ಬರೆದರೆ ಬಟನ್ ಗಾತ್ರದ ಬಗ್ಗೆಯೂ ಹೇಳುತ್ತೇನೆ.